ಕುಡಿದವಳು ದುರ್ಗವ್ವ ಅಲ್ಲ

ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಗುಡಗೇರಿಯ ನಮ್ಮ ಮನೆಗೆ ಬಂದಿದ್ದರು. ಹಳ್ಳಿಯಲ್ಲಿ ಹೇಗೆ ಕೆಲಸ ಮಾಡಬೇಕು, ನಿಮ್ಮ ಅನುಭವ ಬರೆದುಕೊಡಿ ಎಂದರು. ಬಸಿರು, ಹೆರಿಗೆ, ಲಸಿಕೆ ಎಲ್ಲ ಕೇಳಿದರು. ಕುಡಿತದ ಮಾತು ನಾನೇ ತೆಗೆದೆ. ಅವರಲ್ಲಿ ಒಬ್ಬಳು ನಕ್ಕು, "ಅದು ಗಂಡಸರ ವಿಷಯ ಬಿಡ್ರಿ ಬಾಯಾರ, ನಮ್ಮ ಹೆಣ್ಮಕ್ಕಳು ಎಲ್ಲಿ ಕುಡೀತಾರ?" ಎಂದಳು. ನನಗೆ ಸಿಟ್ಟು ಬಂತು. ಆ ಸಿಟ್ಟು ಆರುವ ಮೊದಲೇ ಬರೆದುಬಿಡೋಣ ಎಂದು ಕುಳಿತಿದ್ದೇನೆ.

ನನ್ನ ಹೆಸರು ಖೈರುನಬಿ. ಕುಂದಗೋಳ ತಾಲೂಕಿನ ಹಳ್ಳಿಗಳ ಆರೋಗ್ಯ ಉಪಕೇಂದ್ರಗಳಲ್ಲಿ ದುಡಿದು ನಿವೃತ್ತಳಾದವಳು. ನಿಮಗೆ ಈಗ ಆರೋಗ್ಯ ಸುರಕ್ಷಾಧಿಕಾರಿ ಎಂಬ ಉದ್ದನೆಯ ಹೆಸರು ಕೊಟ್ಟಿದ್ದಾರೆ. ನಮ್ಮನ್ನು ಜನ ನರ್ಸಬಾಯಿ ಎನ್ನುತ್ತಿದ್ದರು, ನಿಮ್ಮನ್ನೂ ಹಾಗೆಯೇ ಅನ್ನುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲಿಂದ ಎಲ್ಲಿಗೆ ವರ್ಗವಾಯಿತು, ಬಡ್ತಿ ಯಾವಾಗ ಬಂತು ಎಂಬುದು ಕಚೇರಿಯ ಕಪಾಟಿನಲ್ಲಿದೆ, ಅಲ್ಲೇ ಇರಲಿ. ನಾನು ಹೇಳಬೇಕೆಂದಿರುವುದು ಫಕೀರವ್ವ ಎಂಬ ಒಬ್ಬ ಹೆಣ್ಣುಮಗಳ ವಿಷಯ. ಊರ ಹೆಸರು ಬರೆಯುವುದಿಲ್ಲ. ಅವಳ ಹೆಸರನ್ನೂ ಬದಲಿಸಲೇ ಎಂದು ಕೇಳಿದ್ದಕ್ಕೆ, "ಯಾಕ ಬದಲಸ್ತೀರಿ? ನಾ ಏನ ಕದ್ದೀನೇನ್ರಿ?" ಎಂದು ನನ್ನ ಮೇಲೇ ಹರಿಹಾಯ್ದಳು. ಹಾಗಾಗಿ ಅವಳ ಹೆಸರು ಇದ್ದಂತೆಯೇ ಇದೆ.

ಅವಳ ಸಂಗತಿಗಿಂತ ಮೊದಲು ನಮ್ಮ ಡಾಕ್ಟರ ಸಾಹೇಬರ ಸಭೆಯ ಸಂಗತಿ ಹೇಳಬೇಕು. ಮದ್ಯಪಾನದ ಕುರಿತು ಹೆಣ್ಣುಮಕ್ಕಳ ಸಭೆ ಮಾಡಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಸಾಹೇಬರು ಮೈಸೂರು ಕಡೆಯವರು, ಹೊಸಬರು. ಒಳ್ಳೆಯ ಮನುಷ್ಯರೇ, ಆದರೆ ಇಲ್ಲಿನ ಜನರ ಹದ ಗೊತ್ತಿರಲಿಲ್ಲ. ಗುಡಿಯ ಕಟ್ಟೆಯ ಮೇಲೆ ಹೆಂಗಸರನ್ನು ಕೂರಿಸಿ ಗೋಡೆಗೆ ಒಂದು ಚಿತ್ರ ತೂಗುಹಾಕಿದರು. ಚಿತ್ರದಲ್ಲಿ ಮೀಸೆಯವನೊಬ್ಬ ಬಾಟಲಿ ಹಿಡಿದು ಗಟಾರದಲ್ಲಿ ಬಿದ್ದಿದ್ದ. "ಏ, ಇಂವ ಅಗದಿ ನಿನ್ನ ಗಂಡನಂಗ ಅದಾನ ನೋಡಬೇ" ಎಂದು ಹೆಂಗಸರು ಒಬ್ಬರನ್ನೊಬ್ಬರು ತಿವಿದು ನಕ್ಕರು. ನಗು ನಿಂತ ಮೇಲೆ ಸಾಹೇಬರು, "ನಿಮ್ಮಲ್ಲಿ ಯಾರು ಯಾರು ಕುಡಿಯುತ್ತೀರಿ? ನಾಚಿಕೆ ಬೇಡ, ಕೈ ಎತ್ತಿ" ಎಂದುಬಿಟ್ಟರು. ಕಟ್ಟೆ ತುಂಬ ಇದ್ದ ಸಭೆ ನೋಡನೋಡುತ್ತಲೇ ಕರಗಿತು. ಒಬ್ಬಳಿಗೆ ಎಮ್ಮೆ ನೆನಪಾಯಿತು, ಇನ್ನೊಬ್ಬಳಿಗೆ ಒಲೆಯ ಮೇಲಿಟ್ಟ ಹಾಲು. ಮುಂದಿನ ವಾರ ಮಕ್ಕಳಿಗೆ ಲಸಿಕೆ ಹಾಕಿಸಲೂ ಯಾರೂ ಬರಲಿಲ್ಲ. ಈ ಗ್ರಾಮದ ಮಹಿಳೆಯರಲ್ಲಿ ಇಂಥ ಸಮಸ್ಯೆ ಕಂಡುಬಂದಿಲ್ಲ ಎಂದು ಸಾಹೇಬರು ಮೇಲಕ್ಕೆ ಬರೆದು ಕಳಿಸಿದರು.

ಕುಡಿಯುತ್ತೀಯಾ ಎಂದು ಕೇಳಿದರೆ ನಮ್ಮ ಹೆಣ್ಣುಮಕ್ಕಳು ಇಲ್ಲ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಕುಡಿಯುವುದು ಎಂದರೆ ಅವರ ಪ್ರಕಾರ ಅಂಗಡಿಗೆ ಹೋಗುವುದು, ಅಲ್ಲಿ ಕೂರುವುದು, ತೂರಾಡುತ್ತ ಮನೆಗೆ ಬರುವುದು. ಬಾಣಂತಿಗೆ ಥಂಡಿ ಆಗಬಾರದೆಂದು ಅತ್ತೆ ಹಾಕುವ ಬ್ರಾಂಡಿ ಔಷಧ. ಹತ್ತಿ ಬಿಡಿಸಿ ಬಂದ ಸಂಜೆ ಸೊಂಟ ಹಿಡಿದಾಗ ಗಂಡನ ಶೆರೆಯ ಪಾಕೀಟಿನಿಂದ ಒಂದು ಗುಟುಕು ತೆಗೆದುಕೊಂಡರೆ ಅದೂ ಔಷಧವೇ. ದೇವಿಗೆ ಏರಿಸಿದ್ದನ್ನು ತೆಗೆದುಕೊಂಡರೆ ತೀರ್ಥ. ಹಾಗಾಗಿ ನಾನು ಕೇಳುವ ಬಗೆಯನ್ನೇ ಬದಲಿಸಿದೆ. ಸೊಂಟ ನೋವಿಗೆ ಏನು ತಗೋತೀ, ನಿದ್ದೆ ಬರದಿದ್ದರೆ ಏನು ಮಾಡ್ತೀ, ದೇವರಿಗೆ ಏನು ಏರಿಸ್ತೀರಿ, ಏರಿಸಿದ ಮೇಲೆ ಅದನ್ನು ಯಾರು ತಗೋತಾರೆ ಎಂದು ಕೇಳತೊಡಗಿದೆ. ಒಲೆಯ ಮುಂದೆ ಕುಳಿತು, ರೊಟ್ಟಿ ಬಡಿಯುವವಳ ಕೈ ನೋಡುತ್ತ ಕೇಳಬೇಕು. ಉತ್ತರ ತಾನಾಗಿ ಬರುತ್ತದೆ.

ಇದನ್ನು ಓದಿ ನಮ್ಮ ಮುಸಲ್ಮಾನ ಬಂಧುಗಳು ಸದ್ಯ ನಮ್ಮ ಮಾತಲ್ಲ ಎಂದು ನಿಟ್ಟುಸಿರು ಬಿಡುವುದು ಬೇಡ. ನಮ್ಮ ಓಣಿಯಲ್ಲೇ ಒಬ್ಬಳಿದ್ದಳು. ಕಣ್ಣು ಅರಿಶಿಣ ಬಣ್ಣಕ್ಕೆ ತಿರುಗಿ, ಹೊಟ್ಟೆ ಊದಿಕೊಂಡಿತ್ತು. ಮನೆಯವರು ಕಾಮಾಲೆ ಎಂದು ಬೇರು ತೇಯ್ದು ಕುಡಿಸುತ್ತಿದ್ದರು. ನನಗೆ ವಾಸನೆ ಗೊತ್ತಾಯಿತು. ಅವಳ ಅಣ್ಣನಿಗೆ ನೇರವಾಗಿ ಹೇಳಿದೆ. ಅವನು, "ಆಪಾ, ನಮ್ಮೊಳಗ ಅದು ಹರಾಮ ಐತಿ. ನಮ್ಮ ಮನ್ಯಾಗ ಹೆಂಗ ಬರ್ತೈತಿ?" ಎಂದು ನನ್ನನ್ನೇ ಕೇಳಿದ. ಹರಾಮು ಎಂದರೆ ಮಾಡಬಾರದು ಎಂದರ್ಥ, ಆಗುವುದೇ ಇಲ್ಲ ಎಂದಲ್ಲ. ದೊಡ್ಡ ದವಾಖಾನೆಗೆ ಒಯ್ಯುವಷ್ಟರಲ್ಲಿ ಹೊತ್ತು ಮೀರಿತ್ತು. ಅವ್ವ ದಿನಾ ನಮಾಜಿನ ಕೊನೆಗೆ ಕೈಯೆತ್ತಿ, ಇದರಿಂದ ಬಿಡಿಸು ಎಂದು ಅಳುತ್ತಿದ್ದಳು ಎಂದು ಅವಳ ಮಗಳು ಆಮೇಲೆ ನನಗೆ ಹೇಳಿದಳು. ದೇವರಿಗೆ ಆ ಹೆಣ್ಣುಮಗಳು ಹೇಳಿಯೇ ಇದ್ದಳು. ಮನುಷ್ಯರಿಗೆ ಹೇಳಲು ನಾವು ಬಿಡಲಿಲ್ಲ. ನಾನೂ ನಮಾಜು ಮಾಡುವವಳೇ, ಆದರೆ ಅಂದಿನಿಂದ ನಮ್ಮೊಳಗೆ ಇಲ್ಲ ಎಂಬ ಮಾತು ಯಾರ ಬಾಯಿಂದ ಬಂದರೂ ಸಹಿಸಿಲ್ಲ.

ಇನ್ನು ಫಕೀರವ್ವ. ಅವಳಿಗೆ ಕುಡಿತ ಹತ್ತಿದ್ದು ಬಾಣಂತನದಲ್ಲಿ. ಮಗಳು ರೇಣವ್ವ ಹುಟ್ಟಿದಾಗ ಅತ್ತೆ ಚಮಚದಿಂದ ಬ್ರಾಂಡಿ ಹಾಕಿದ್ದಳಂತೆ. ಕೂಸಿನ ಬಾಣಂತನ ಮುಗಿಯಿತು, ಚಮಚ ಮುಗಿಯಲಿಲ್ಲ. ಆಮೇಲೆ ಮೆಣಸಿನಕಾಯಿ, ಹತ್ತಿ ಬಿಡಿಸುವ ಗುಂಪಿನೊಂದಿಗೆ ಕೂಲಿ. ಮೈನೋವು ಇದ್ದೇ ಇರುತ್ತಿತ್ತು. ಗಂಡ ದ್ಯಾಮಣ್ಣನೂ ಕುಡಿಯುವವನು, ಕುಡಿದು ಹೊಡೆಯುವವನು. ಅವಳು ಕುಡಿದದ್ದು ಗೊತ್ತಾದರೆ ಇನ್ನೊಂದು ಏಟು ಹೆಚ್ಚು. ಹೀಗಿರುವಾಗ ಒಂದು ಮಂಗಳವಾರ ಅವಳ ಮೈಯಲ್ಲಿ ದುರ್ಗವ್ವ ಬಂದಳು.

ಇದರ ಬಗ್ಗೆ ನಗಬೇಡಿ. ನಾನೂ ನಕ್ಕಿಲ್ಲ. ದೇವಿ ಬಂದಾಗ ದ್ಯಾಮಣ್ಣ ಅವಳ ಕಾಲಿಗೆ ಬೀಳುತ್ತಿದ್ದ. ಊರ ಹೆಂಗಸರು ಮಕ್ಕಳ ಜ್ವರ, ಮಗಳ ಮದುವೆ ಎಂದು ಕೇಳಲು ಬರುತ್ತಿದ್ದರು. ದೇವಿಗೆಂದು ಕಾಯಿ, ಲಿಂಬೆಹಣ್ಣು, ಜೊತೆಗೆ ಒಂದು ಬಾಟಲಿ. ಅದನ್ನು ಕುಡಿದರೆ ಯಾರೂ ಬೈಯುವಂತಿಲ್ಲ, ಹೊಡೆಯುವಂತಿಲ್ಲ. ವಾರದಲ್ಲಿ ಏಟು ಬೀಳದ ಒಂದು ದಿನ ಅವಳಿಗೆ ಕೊಟ್ಟವಳು ಆ ದೇವಿ. ಆದರೆ ಆ ದಿನದ ಬಾಟಲಿಯೇ ಉಳಿದ ದಿನಗಳನ್ನು ತಿನ್ನುತ್ತಿತ್ತು. ಬೆಳಿಗ್ಗೆ ಕೈ ನಡುಗಿ ರೊಟ್ಟಿ ಬಡಿಯಲಾಗುತ್ತಿರಲಿಲ್ಲ. ಊರವರು ಅದಕ್ಕೂ ದೇವಿಯ ಆವೇಶ ಎಂದರು. ದೇವಿ ಕುಡಿಯುತ್ತಾಳೆ ಎಂದಮೇಲೆ ಫಕೀರವ್ವನಿಗೆ ಚಿಕಿತ್ಸೆ ಯಾಕೆ ಬೇಕು?

ರೇಣವ್ವ ಬಸಿರಾದಾಗ ಸಂಗತಿ ತಿರುಗಿತು. ಅವಳನ್ನು ಅಣ್ಣಿಗೇರಿ ಕಡೆ ಕೊಟ್ಟಿದ್ದರು. ಏಳನೆಯ ತಿಂಗಳ ಕುಬಸದ ದಿನ ಫಕೀರವ್ವ ಹಸಿರು ಸೀರೆ, ಬಳೆ, ಹೋಳಿಗೆಯ ಬುಟ್ಟಿ ಹೊತ್ತು ಮಗಳ ಮನೆಗೆ ಹೋದಳು. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆದುಕೊಂಡು ಬರುವ ಲೆಕ್ಕ. ಎಲೆ ಹಾಕುವ ಹೊತ್ತಿಗೆ ಬೀಗತಿ, ಅಂದರೆ ರೇಣವ್ವನ ಅತ್ತೆ, ಬಂದವರೆಲ್ಲ ಕೇಳುವಂತೆ, "ಉಡಿ ತುಂಬಿ ಹೋಗ್ರಿ. ಹುಡಿಗಿನ್ನ ಕಳಸೂದಿಲ್ಲ. ಕುಡಿಯಾಕಿ ಕೈಯಾಗ ನನ್ನ ಮೊಮ್ಮಗನ್ನ ಕೊಡಲೇನು?" ಎಂದಳು. ಫಕೀರವ್ವ ಊಟ ಮಾಡದೆ ಬಸ್ಸು ಹತ್ತಿ ಬಂದು, ಮನೆಗೂ ಹೋಗದೆ, ಖಾಲಿ ಬುಟ್ಟಿ ಕಂಕುಳಲ್ಲೇ ಇಟ್ಟುಕೊಂಡು ನಮ್ಮ ಉಪಕೇಂದ್ರದ ಮೆಟ್ಟಿಲ ಮೇಲೆ ಕುಳಿತಳು.

"ಬಾಯಾರ, ನನ್ನ ಬಿಡಸ್ರಿ."

"ಯಾವುದರಿಂದ?" ಎಂದೆ. ಗೊತ್ತಿದ್ದೂ ಕೇಳಿದೆ. ಅವಳ ಬಾಯಿಂದಲೇ ಬರಬೇಕಿತ್ತು.

ಬುಟ್ಟಿಯ ಅಂಚಿನ ಒಂದು ಕಡ್ಡಿ ಕಿತ್ತಳು. ಆಮೇಲೆ, "ಶೆರೇದಿಂದ. ನನ್ನ ಮಗಳ ಬಾಣಂತನಾ ನಾನ ಮಾಡ್ಬೇಕ್ರಿ. ಒಂದ ಮಗಳು ಐತ್ರಿ ನನಗ" ಎಂದಳು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಬಹಳ ದಿನ ಕುಡಿದವರು ಒಮ್ಮೆಲೇ ಬಿಟ್ಟರೆ ಜೀವಕ್ಕೆ ಅಪಾಯ. ನಮ್ಮ ಕಡೆ ಶ್ರಾವಣದಲ್ಲಿ ಆಣೆ ಮಾಡಿ ಬಿಡುವ ಗಂಡಸರಿಗೆ ಎಷ್ಟೋ ಸಲ ಕೈಕಾಲು ಸೆಟೆದು, ಕಣ್ಣು ಮೇಲಾಗಿ, ಇಲ್ಲದ್ದೆಲ್ಲ ಕಾಣತೊಡಗಿದ್ದನ್ನು ನೋಡಿದ್ದೇನೆ. ಜನ ಅದನ್ನು ದೇವರ ಮುನಿಸು ಎಂದು ಗುಡಿಯ ಮುಂದೆ ಮಲಗಿಸುತ್ತಿದ್ದರು. ಹಾಗಾಗಿ ಫಕೀರವ್ವನನ್ನು ಸಾಹೇಬರ ಹತ್ತಿರ ಒಯ್ದೆ. ಸಾಹೇಬರಿಗೆ ಸಭೆ ಮಾಡಲು ಬರದಿದ್ದರೇನು, ವೈದ್ಯಕೀಯ ಚೆನ್ನಾಗಿ ಬರುತ್ತಿತ್ತು. ತಾಲೂಕು ದವಾಖಾನೆಗೆ ಸೇರಿಸಿ, ನಡುಕ ಇಳಿಯುವವರೆಗೆ ಅಲ್ಲೇ ಇಟ್ಟುಕೊಂಡು ಗುಳಿಗೆ ಕೊಡಿಸಿದರು. ಹೊಟ್ಟೆಹುಣ್ಣು ಎಂದು ಮನೆಯವರಿಗೆ ಹೇಳೋಣವೇ ಎಂದು ನಾನು ಕೇಳಿದರೆ, "ಬ್ಯಾಡ್ರಿ. ಶೆರೆ ಬಿಡಾಕ ಬಂದಾಳಂತ ಹೇಳ್ರಿ" ಎಂದಳು ಆ ಮಹಾತಾಯಿ.

ಮನೆಗೆ ಕಳಿಸುವ ದಿನ ನನಗೂ ಸಾಹೇಬರಿಗೂ ಜಗಳವಾಯಿತು. "ದೇವರು, ಸ್ವಾಮಿಗಳು, ಆಣೆ, ಇದನ್ನೆಲ್ಲ ಮಧ್ಯೆ ತರಬೇಡಿ ಸಿಸ್ಟರ್. ಅದೇ ಇವರನ್ನು ಹಾಳು ಮಾಡಿರುವುದು. ಗುಳಿಗೆ, ಸಮಾಲೋಚನೆ ಸಾಕು" ಎಂದರು. ನಾನು ಹೇಳಿದೆ, "ಸರ್, ಗುಳಿಗೆ ಕೈ ನಡುಕ ನಿಲ್ಲಿಸುತ್ತದೆ. ಮಂಗಳವಾರ ದೇವಿಗೆಂದು ಬಾಟಲಿ ಹಿಡಿದು ಅವಳ ಬಾಗಿಲಿಗೆ ಬರುವವರನ್ನು ಯಾವ ಗುಳಿಗೆ ನಿಲ್ಲಿಸುತ್ತದೆ, ಬರೆದುಕೊಡಿ, ತರುತ್ತೇನೆ." ಸಾಹೇಬರು ಕನ್ನಡಕ ಒರೆಸಿಕೊಂಡರು. ಮೇಲಧಿಕಾರಿಗೆ ಹಾಗೆ ಎದುರಾಡಿದ್ದು ಸರಿಯೇ ಎಂದು ನೀವು ಕೇಳಬಹುದು. ಸರಿಯೇ.

ಹೇಳಿದಂತೆಯೇ ಆಯಿತು. ಮೊದಲ ಮಂಗಳವಾರವೇ ಮೂಲೆಮನೆಯ ಮುದುಕಿ ಬಾಟಲಿ ತಂದು ಹೊಸ್ತಿಲಲ್ಲಿಟ್ಟಳು. ಫಕೀರವ್ವ ಬಾಗಿಲು ಹಾಕಿಕೊಂಡು ಒಳಗೆ ಕುಳಿತಳು. ದೇವಿಯ ಪಾಲು ತಪ್ಪಿಸುತ್ತಾಳೆ, ಮಳೆ ಬೆಳೆ ಏನಾಗುತ್ತದೋ ಎಂದು ಓಣಿಯಲ್ಲಿ ಗುಸುಗುಸು ಎದ್ದಿತು. ಹೊರಗೆ ಊರು ತಂದಿಟ್ಟ ಬಾಟಲಿ, ಒಳಗೆ ಬಾಯಾರಿದವಳು. ಇದು ಎಷ್ಟು ದಿನ ನಡೆದೀತು ಎಂದು ನನಗೆ ನಿದ್ದೆ ಹತ್ತಲಿಲ್ಲ.

ಅಷ್ಟರಲ್ಲಿ ಶ್ರಾವಣ ಬಂತು. ಶ್ರಾವಣ ಹಿಡಿದು ದಸರೆಯವರೆಗೆ ಆ ಭಾಗದ ಒಬ್ಬ ಸ್ವಾಮಿಗಳು, ಜನ ಅಜ್ಜಾರು ಎನ್ನುತ್ತಿದ್ದರು, ಹೆಗಲಿಗೆ ಕಾವಿ ಜೋಳಿಗೆ ಹಾಕಿಕೊಂಡು ಊರೂರು ನಡೆಯುತ್ತಿದ್ದರು. ಅವರು ಬೇಡುವುದು ಕಾಳುಕಡಿ ಅಲ್ಲ, ಚಟ. "ನಿನ್ನ ಚಟ ನನ್ನ ಜೋಳಿಗಿಗೆ ಹಾಕಪಾ" ಎಂದು ಮನೆಮನೆಯ ಮುಂದೆ ನಿಲ್ಲುವರು. ಗಂಡಸರು ಬೀಡಿ, ಗುಟಕಾ, ಶೆರೆಯ ಪಾಕೀಟು ತಂದು ಹಾಕಿ, ಪಾದ ಮುಟ್ಟಿ ಆಣೆ ಮಾಡುವರು. ಹಿರಿಯರು ಹಾರ ಹಾಕುವರು. ದ್ಯಾಮಣ್ಣ ಪ್ರತಿ ಶ್ರಾವಣದಲ್ಲೂ ಹಾಕುತ್ತಿದ್ದ. ಗಣಪತಿ ಕೂರುವ ಹೊತ್ತಿಗೆ ಮತ್ತೆ ಶುರು. ಆದರೂ ಅವನಿಗೆ ಪ್ರತಿವರ್ಷ ಹಾರ ತಪ್ಪುತ್ತಿರಲಿಲ್ಲ. ಒಂದು ಹೆಣ್ಣಿನ ಕೈಯಿಂದಲೂ ಆ ಜೋಳಿಗೆಗೆ ಏನೂ ಬಿದ್ದದ್ದನ್ನು ನಾನು ನೋಡಿರಲಿಲ್ಲ.

ಈ ಸಲ ನಾನು ಅಜ್ಜಾರ ಹಿಂದೆಯೇ ಗುಳಿಗೆಯ ಚೀಲ ಹಿಡಿದು ನಡೆಯುವುದೆಂದು ಮೊದಲೇ ಅವರನ್ನು ಕೇಳಿ ಒಪ್ಪಿಸಿದ್ದೆ. ಬಿಡುವವರು ಬಿಡಲಿ, ಅಂದೇ ದವಾಖಾನೆಗೂ ಬರಲಿ ಎಂದು. ಬುರಖಾ ಹಾಕಿದ ನರ್ಸಬಾಯಿ ಮಠದ ಸ್ವಾಮಿಗಳ ಹಿಂದೆ ಹೊರಟದ್ದು ಕಂಡು ಕೆಲವರು ಹುಬ್ಬೇರಿಸಿದರು. ಏರಿಸಲಿ ಬಿಡಿ ಎಂದು ನಡೆದೆ.

ಅಜ್ಜಾರು ಬರುವ ದಿನ ಫಕೀರವ್ವನಿಗೂ ಗೊತ್ತಿತ್ತು. ಹಿಂದಿನ ದಿನವೇ ಬಂದು, "ನಾನೂ ಹಾಕ್ತೀನ್ರಿ" ಎಂದಿದ್ದಳು. ಸುದ್ದಿ ಊರಿನ ಹಿರಿಯ ಬಸಪ್ಪಣ್ಣನ ಕಿವಿಗೆ ಬಿದ್ದು, ಅವನು ಬೆಳಿಗ್ಗೆಯೇ ಅವಳ ಮನೆಗೆ ಬಂದ. ನಾನೂ ಅಲ್ಲಿದ್ದೆ.

"ಹೆಣ್ಮಗಳು ನಡುಬೀದ್ಯಾಗ ನಿಂತು ಶೆರೆ ಬಿಟ್ಟೆ ಅಂದ್ರ ಊರ ಮರ್ಯಾದಿ ಏನ ಉಳೀತೈತಿ ತಂಗಿ? ನಾಳೆ ನಮ್ಮೂರ ಹುಡುಗ್ಯಾರ್ನ ಯಾರ ತಗೋತಾರ?" ಎಂದ. ಆಮೇಲೆ ದನಿ ತಗ್ಗಿಸಿ, "ಒಂದ ಕೆಲಸಾ ಮಾಡು. ದೇವಿ ಮೈಯಾಗ ಬರಲಿ. ದುರ್ಗವ್ವನ ಬಂದು ಬಾಟ್ಲಿ ಹಾಕಿದಂಗ ಆಗಲಿ. ನಾವೆಲ್ಲಾ ಕೈ ಮುಗೀತೀವಿ. ನಿನಗೂ ಮಾನ, ಊರಿಗೂ ಮಾನ" ಎಂದ.

ನಿಜ ಹೇಳುತ್ತೇನೆ, ನನಗೆ ಅದು ಒಳ್ಳೆಯ ದಾರಿ ಅನ್ನಿಸಿತು. ದೇವಿಯೇ ಬಿಟ್ಟಳು ಎಂದರೆ ಮಂಗಳವಾರದ ಬಾಟಲಿ ನಿಲ್ಲುತ್ತದೆ, ಬೀಗತಿಯ ಬಾಯಿಯೂ ಮುಚ್ಚುತ್ತದೆ. ಒಪ್ಪಿಕೋ ಎಂದು ಕಣ್ಣಲ್ಲೇ ಹೇಳಿದೆ. ಫಕೀರವ್ವ ಎದ್ದಳು. ದೇವರ ಜಗಲಿಯ ಹತ್ತಿರ ಹೋಗಿ ದೀಪದ ಬತ್ತಿ ಸರಿಮಾಡಿದಳು.

ಮಧ್ಯಾಹ್ನ ಅಜ್ಜಾರು ಅವರ ಮನೆಯ ಮುಂದೆ ಬಂದರು. ಎಂದಿನಂತೆ, "ದ್ಯಾಮಣ್ಣಾ" ಎಂದು ಕೂಗಿದರು. ದ್ಯಾಮಣ್ಣ ಸ್ನಾನ ಮಾಡಿ, ವಿಭೂತಿ ಹಚ್ಚಿ ಸಿದ್ಧನಾಗಿದ್ದ. ಪಾಕೀಟು ಹಾಕಿದ, ಆಣೆ ಮಾಡಿದ, ಹಾರ ಬಿತ್ತು. ಜೋಳಿಗೆ ಮುಂದಿನ ಮನೆಗೆ ಹೊರಟಿತು. ಆಗ ಫಕೀರವ್ವ ಹೊರಗೆ ಬಂದಳು. ಕೈಯಲ್ಲಿ ಮೂಲೆಮನೆಯ ಮುದುಕಿ ಇಟ್ಟುಹೋದ ಬಾಟಲಿ. ಕೂದಲು ಬಿಚ್ಚಿರಲಿಲ್ಲ, ಗಂಟು ಹಾಕಿತ್ತು. ಹಣೆಗೆ ಭಂಡಾರದ ಅರಿಶಿಣ ಇರಲಿಲ್ಲ. ಮೈ ನಡುಗುತ್ತಿರಲಿಲ್ಲ. ಆದರೂ ಬಸಪ್ಪಣ್ಣ ಅವಳು ತನ್ನ ಮಾತಿಗೆ ಒಪ್ಪಿದ್ದಾಳೆ ಎಂದುಕೊಂಡು ಎರಡೂ ಕೈ ಎತ್ತಿ, "ದುರ್ಗವ್ವ ತಾಯಿ ಬಂದಾಳ, ದಾರಿ ಬಿಡ್ರೋ" ಎಂದು ಕೂಗಿದ. ಜನ ಕೈ ಮುಗಿದು ಸರಿದರು.

"ದುರ್ಗವ್ವ ಒಳಗ ಜಗಲಿ ಮ್ಯಾಲ ಅದಾಳ" ಎಂದಳು ಫಕೀರವ್ವ. "ಇಕಿ ನಾನು, ಫಕೀರವ್ವ. ಅಜ್ಜಾರ, ದೇವಿ ಎಂದೂ ಕುಡದಿಲ್ರಿ. ಆಕಿ ಹೆಸರಿಲೆ ನಾ ಕುಡದೀನಿ. ಕುಡೀಲಾರದಾಕಿ ಯಾಕ ಬಿಡಬೇಕ್ರಿ? ಕುಡದಾಕಿ ನಾನು, ಬಿಡಾಕೀನೂ ನಾನ."

ಬಸಪ್ಪಣ್ಣನ ಎತ್ತಿದ ಕೈ ಹಾಗೇ ನಿಂತಿತ್ತು. ಅಜ್ಜಾರು ಜೋಳಿಗೆಯ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತರು. ನನಗೆ ತಡೆಯಲಾಗಲಿಲ್ಲ. "ಅಜ್ಜಾರ, ಈ ಜೋಳಿಗಿ ಗಂಡಸರ ಸಲುವಾಗಿ ಅಷ್ಟ ಹೊಲಿಸೀರೇನ್ರಿ?" ಎಂದೆ. ಯಾರೋ ಹಿಂದಿನಿಂದ, "ಬಾಯಾರ, ನೀವು ನಡುವ ಬಾಯಿ ಹಾಕಬ್ಯಾಡ್ರಿ, ಇದು ನಮ್ಮ ದೇವರ ವಿಷಯ" ಎಂದರು. ನಾನು ತಿರುಗಿಯೂ ನೋಡಲಿಲ್ಲ.

ಅಜ್ಜಾರು ನಿಧಾನವಾಗಿ ಜೋಳಿಗೆಯನ್ನು ಹೆಗಲಿಂದ ತೆಗೆದು ಎರಡೂ ಕೈಯಲ್ಲಿ ಬಿಡಿಸಿ ಹಿಡಿದರು. "ಇಷ್ಟ ವರ್ಷ ಈ ಬಾಗಲಕ್ಕ ಬಂದು ನಿನ್ನ ಗಂಡನ್ನ ಕರದೆ ತಾಯಿ. ನಿನ್ನ ಕರೀಲಿಲ್ಲ. ಹಾಕವಾ" ಎಂದರು. ಅವಳು ಹಾಕಿದಳು. ಅವಳಿಗೆ ಯಾರೂ ಹಾರ ಹಾಕಲಿಲ್ಲ. ಹಾರ ಹಾಕಿಕೊಂಡ ದ್ಯಾಮಣ್ಣ ಆಗಲೇ ಹಿತ್ತಲಿಗೆ ಸರಿದುಹೋಗಿದ್ದ.

ಅಂದು ಸಂಜೆಯೇ ಮೂಲೆಮನೆಯ ಮುದುಕಿ ಗುಳಿಗೆ ಕೇಳಲು ಉಪಕೇಂದ್ರಕ್ಕೆ ಬಂದಳು. ಸೊಂಟ ನೋವಿನ ಗುಳಿಗೆ ಅಲ್ಲ. ಮಾರನೆಯ ದಿನ ಇನ್ನೊಬ್ಬಳು ಹಿಂದಿನ ಬಾಗಿಲಿನಿಂದ ಬಂದಳು. ಸಾಹೇಬರು ಕೈ ಎತ್ತಿ ಎಂದಾಗ ಎಮ್ಮೆ ನೆನಪಾಗಿದ್ದವಳೇ ಅವಳು. ಮಂಗಳವಾರ ದೇವಿಗೆ ಬೆಲ್ಲದ ಪಾನಕ ಬರತೊಡಗಿತು. ಫಕೀರವ್ವನ ಮೈಯಲ್ಲಿ ದೇವಿ ಬರುವುದು ನಿಂತಿತೇ ಎಂದು ಸಾಹೇಬರು ಕೇಳಿದರು. ನಿಂತಿಲ್ಲ ಸರ್, ಆಗಾಗ ಬರುತ್ತಾಳೆ, ಪಾನಕ ಕುಡಿದು ಹೋಗುತ್ತಾಳೆ ಎಂದೆ. ಅವರಿಗೆ ಅದು ಬಗೆಹರಿಯಲಿಲ್ಲ. ನನಗೂ ಬಗೆಹರಿದಿಲ್ಲ, ಬಗೆಹರಿಸಿಕೊಳ್ಳುವ ಹಟವೂ ನನಗಿಲ್ಲ. ಅವಳ ದೇವರನ್ನು ಅವಳಿಂದ ಕಿತ್ತುಕೊಳ್ಳುವುದು ನಮ್ಮ ಕೆಲಸವಲ್ಲ. ಆ ದೇವರ ಹೆಸರಲ್ಲಿ ಅವಳ ಬಾಯಿ ಮುಚ್ಚಿಸಲು ಬರುವವರಿಗೆ ಅಡ್ಡ ನಿಲ್ಲುವುದು ನಮ್ಮ ಕೆಲಸ. ಬೇಕಾದರೆ ಇದನ್ನು ನಿಮ್ಮ ತರಬೇತಿಯಲ್ಲಿ ಕೇಳಿ ನೋಡಿ, ಯಾರೂ ಹೇಳಿಕೊಡುವುದಿಲ್ಲ.

ಆದರೆ ಬೀಗತಿ ಇನ್ನೂ ಕೆಂಡವಾದಳು. ಮುಚ್ಚಿಟ್ಟುಕೊಂಡು ಬಿಟ್ಟಿದ್ದರೆ ನೋಡಬಹುದಿತ್ತು, ಈಗ ಸುತ್ತಲಿನ ಊರಿಗೆಲ್ಲ ಗೊತ್ತಾಯಿತು, ಹುಡುಗಿಯನ್ನು ಕಳಿಸುವ ಮಾತೇ ಇಲ್ಲ ಎಂದು ಫೋನಿನಲ್ಲಿ ಕೂಗಾಡಿದಳು. ಫಕೀರವ್ವ ಫೋನು ಕೆಳಗಿಟ್ಟು, ಗೋಡೆಗೊರಗಿ ಕುಳಿತಳು. ಇಷ್ಟೆಲ್ಲ ಮಾಡಿದ್ದು ಯಾತಕ್ಕಾಗಿಯೋ ಅದೇ ಕೈತಪ್ಪಿತ್ತು. ಆ ದಿನ ಅವಳು ಕುಡಿದಿದ್ದರೆ ನಾನು ಅವಳನ್ನು ಒಂದು ಮಾತೂ ಅನ್ನುತ್ತಿರಲಿಲ್ಲ. ಅವಳು ಕುಡಿಯಲಿಲ್ಲ. ಬಾಣಂತಿಗೆ ಬೇಕಾದ ಅಂಟಿನ ಉಂಡಿಗೆ ಕೊಬ್ಬರಿ ತುರಿಯಲು ಕುಳಿತಳು. ಯಾರಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹೆರಿಗೆ ಗಂಡನ ಊರಿನ ಕಡೆಯ ದವಾಖಾನೆಯಲ್ಲೇ ಆಯಿತು. ಹೆಣ್ಣು ಕೂಸು. ಬಿಡುಗಡೆಯ ದಿನ ರೇಣವ್ವ ಅತ್ತೆಗೆ, "ನನ್ನ ಬಾಣಂತನಾ ನಮ್ಮವ್ವನ ಮಾಡ್ಬೇಕು. ಊರ ಮುಂದ ನಿಂತು ಹೇಳಿದಾಕಿ ಮನ್ಯಾಗ ಕದ್ದು ಕುಡಿಯೂದಿಲ್ಲ" ಎಂದು ಹೇಳಿ, ಕೂಸನ್ನು ಎದೆಗವಚಿಕೊಂಡು ಮಂಚ ಬಿಟ್ಟು ಏಳಲಿಲ್ಲವಂತೆ. ಗಂಡನೂ ಅವಳ ಮಾತಿಗೇ ನಿಂತ. ಬೀಗತಿ ಬೇರೆ ದಾರಿಯಿಲ್ಲದೆ ತಾನೇ ಟಂಟಂ ಗಾಡಿಯಲ್ಲಿ ಕರೆದುಕೊಂಡು ಬಂದಳು. ಕೂಸಿನ ತೂಕ ನೋಡಲೆಂದು ನಾನೂ ಹೋಗಿದ್ದೆ.

ಬೀಗತಿ ಮುಖ ಗಂಟಿಕ್ಕಿಕೊಂಡೇ ಒಳಗೆ ಬಂದು ಚೀಲ ಬಿಚ್ಚಿದಳು. ಬಾಣಂತಿಗೆಂದು ಅಳವಿ ಕಾಳು, ಒಣಕೊಬ್ಬರಿ, ಬೆಳ್ಳುಳ್ಳಿ. ಎಲ್ಲದರ ಕೆಳಗೆ, ಕೂಸಿನ ಹೊಸ ಕುಲಾವಿಯಲ್ಲಿ ಸುತ್ತಿಟ್ಟ ಒಂದು ಬ್ರಾಂಡಿ ಬಾಟಲಿ. ಅದನ್ನು ಫಕೀರವ್ವನ ಕೈಗೇ ಕೊಟ್ಟಳು.

"ಹಸೀಮೈ ಐತಿ, ಥಂಡಿ ಆಗಬಾರ್ದು. ದಿನಾ ಸಂಜೀಕ ಎರಡ ಚಮಚ ಹಾಕ್ರಿ. ನಮ್ಮ ಮನ್ಯಾಗ ಎಲ್ಲಾರೂ ಹಿಂಗ ಮಾಡ್ಕೋತ ಬಂದೀವಿ. ನಾ ಈಗೂ ಮಣಕಾಲ ನೋವಿಗೆ ತಗೋತೀನಿ."

ನಾನು ಫಕೀರವ್ವನ ಕೈ ನೋಡಿದೆ. ನಡುಗುತ್ತಿರಲಿಲ್ಲ. ಅವಳು ಕುಲಾವಿಯನ್ನು ಮೆಲ್ಲಗೆ ಬಿಡಿಸಿ, ಝಾಡಿಸಿ, ಕೂಸಿನ ತಲೆಗೆ ಕಟ್ಟಿದಳು. ಬಾಟಲಿಯನ್ನು ಬೀಗತಿಯ ಕೈಗೆ ವಾಪಸು ಇಟ್ಟು, ಅವಳ ಬೆರಳುಗಳನ್ನು ಅದರ ಸುತ್ತ ತಾನೇ ಮುಚ್ಚಿದಳು.

"ಒಗೀಬ್ಯಾಡ್ರಿ ಬೀಗತ್ಯಾರ, ಜ್ವಾಕಿ ಇಡ್ರಿ. ದಸರೆಯೊಳಗ ಅಜ್ಜಾರು ನಿಮ್ಮೂರಿಗೂ ಬರ್ತಾರಂತ. ಈ ಸಲ ನಿಮ್ಮನ್ನೂ ಹೆಸರ ಹಿಡದು ಕರೀತಾರ."